ಎಂಪಿ ಇಲ್ಲದ ಊರಲ್ಲಿ ಎಂಪಿ ಲೆಟರ್ ಯಾರು ಕೊಡ್ತಾರೆ?

2021ರ ಜನವರಿಯ ಒಂದು ರಾತ್ರಿ ಬೆಳಗಾವಿಯಿಂದ ಗೆಳೆಯನ ಫೋನ್ ಬಂತು. ಅವನು ಹಾಸನದವನೇ. ಕೆಲಸ ಅಲ್ಲಿ, ಮದುವೆಯಾದದ್ದೂ ಅಲ್ಲಿನ ಹುಡುಗಿಯನ್ನು. ಮಾವನಿಗೆ ಹೃದಯದ ಆಪರೇಷನ್ ಆಗಬೇಕಿತ್ತು. ದುಡ್ಡು ಹೊಂದಿಸುವ ಓಡಾಟದಲ್ಲಿದ್ದ. ಪ್ರಧಾನಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಿ, ಜೊತೆಗೊಂದು ಎಂಪಿ ಲೆಟರ್ ಇಡಿ, ಬೇಗ ಆಗುತ್ತೆ ಅಂತ ಆಸ್ಪತ್ರೆಯ ವರಾಂಡದಲ್ಲಿ ಯಾರೋ ಹೇಳಿದ್ದರಂತೆ.

“ಲೆಟರ್ ಇಸ್ಕೊಳ್ಳೋಣ ಅಂದ್ರೆ ಇಲ್ಲಿ ಎಂಪಿನೇ ಇಲ್ವಲ್ಲೋ. ನಮ್ಮ ಹಾಸನದವರ ಹತ್ರ ಇಸ್ಕೊಂಡ್ರೆ ನಡೆಯುತ್ತಾ?” ಅಂದ.

ನನಗೂ ಗೊತ್ತಿರಲಿಲ್ಲ. ಮಾವನ ವೋಟು ಬೆಳಗಾವಿಯದು. ಅಲ್ಲಿನ ಸಂಸದ, ಕೇಂದ್ರದ ರೈಲ್ವೆ ರಾಜ್ಯ ಸಚಿವರೂ ಆಗಿದ್ದ ಸುರೇಶ್ ಅಂಗಡಿ 2020ರ ಸೆಪ್ಟೆಂಬರ್ 23ರಂದು ಕೋವಿಡ್‌ನಿಂದ ದೆಹಲಿಯಲ್ಲಿ ತೀರಿಕೊಂಡಿದ್ದರು. ನಾಲ್ಕು ತಿಂಗಳಾಗುತ್ತಾ ಬಂದಿತ್ತು. ಉಪಚುನಾವಣೆಗೆ ಟಿಕೆಟ್ ಯಾರಿಗೆ ಅನ್ನೋ ಸುದ್ದಿ ಟಿವಿಯಲ್ಲಿ ದಿನಾ ಬರುತ್ತಿತ್ತು. ದಿನಾಂಕದ ಸುದ್ದಿ ಮಾತ್ರ ಇರಲಿಲ್ಲ. ಕೊನೆಗೆ ಗೆಳೆಯ ರಾಜ್ಯಸಭಾ ಸದಸ್ಯರೊಬ್ಬರ ಮನೆ ಹುಡುಕಿಕೊಂಡು ಹೋದ.

ಹಾಲಿ ಸದಸ್ಯರು ಸತ್ತಾಗ ನಾವು ಅಂತ್ಯಕ್ರಿಯೆ ನೋಡುತ್ತೇವೆ. ಆಮೇಲೆ ಅಭ್ಯರ್ಥಿ ಯಾರು ಅಂತ ಕಟ್ಟೆ ಮೇಲೆ ಕೂತು ಲೆಕ್ಕ ಹಾಕುತ್ತೇವೆ. ಹೆಂಡತಿಗೋ, ಮಗನಿಗೋ, ತಮ್ಮನಿಗೋ? ಅನುಕಂಪ ಎಷ್ಟು ಕೆಲಸ ಮಾಡುತ್ತೆ? ಇವೆರಡರ ನಡುವಿನ ತಿಂಗಳುಗಳ ಬಗ್ಗೆ ಮಾತು ಕಡಿಮೆ. ನನ್ನ ಪ್ರಕಾರ ಅಸಲಿ ವಿಷಯ ಇರುವುದೇ ಅಲ್ಲಿ.

ನಮ್ಮ ಕಡೆಯ ನೆನಪು ಬೇರೆ

ಚಿಕ್ಕಮಗಳೂರಿನಲ್ಲಿ ಉಪಚುನಾವಣೆ ಅಂದರೆ ಎಲ್ಲರ ಬಾಯಲ್ಲೂ ಬರುವುದು 1978. ಅದಕ್ಕೂ ಸಾವಿಗೂ ಸಂಬಂಧವಿಲ್ಲ. ಹಿಂದಿನ ವರ್ಷ ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿಯವರಿಗೆ ಲೋಕಸಭೆಗೆ ವಾಪಸು ಹೋಗಲು ಒಂದು ಕ್ಷೇತ್ರ ಬೇಕಿತ್ತು. ಇಲ್ಲಿನ ಸಂಸದ ಡಿ.ಬಿ. ಚಂದ್ರೇಗೌಡರು ರಾಜೀನಾಮೆ ಕೊಟ್ಟು ಜಾಗ ಬಿಟ್ಟುಕೊಟ್ಟರು. ನವೆಂಬರ್ 5ಕ್ಕೆ ಮತದಾನ. ಎದುರಿಗೆ ಜನತಾ ಪಕ್ಷದಿಂದ ನಿಂತವರು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ‘ಏಕ್ ಶೇರ್ನಿ ಸೌ ಲಂಗೂರ್, ಚಿಕ್ಕಮಗಳೂರ್ ಚಿಕ್ಕಮಗಳೂರ್’ ಅನ್ನೋ ಘೋಷಣೆ ಹುಟ್ಟಿದ್ದು ಆಗಲೇ. 77 ಸಾವಿರಕ್ಕೂ ಜಾಸ್ತಿ ಮತಗಳ ಗೆಲುವು. “ಆಗ ಬಂದಷ್ಟು ಕಾರು ಈಗ ಶನಿವಾರ ಭಾನುವಾರ ಗಿರಿಗೂ ಬರಲ್ಲ ಕಣೋ” ಅಂತ ನಮ್ಮ ದೊಡ್ಡಪ್ಪ ಇವತ್ತಿಗೂ ಹೇಳುತ್ತಾರೆ. ದೊಡ್ಡಪ್ಪನ ಲೆಕ್ಕ ಯಾವಾಗಲೂ ಸ್ವಲ್ಪ ಧಾರಾಳ.

ಅವರು ಹೇಳದೆ ಬಿಡುವ ಭಾಗ ಒಂದಿದೆ. ಅದೇ ಡಿಸೆಂಬರ್ 19ಕ್ಕೆ ಹಕ್ಕುಚ್ಯುತಿಯ ಆರೋಪದ ಮೇಲೆ ಲೋಕಸಭೆ ಇಂದಿರಾ ಅವರನ್ನು ಉಚ್ಚಾಟಿಸಿತು. ಜೈಲಿಗೂ ಕಳಿಸಿತು. 1981ರಲ್ಲಿ ಲೋಕಸಭೆಯೇ ಆ ನಿರ್ಣಯವನ್ನು ರದ್ದು ಮಾಡಿತು ಅನ್ನೋದು ಬೇರೆ ಮಾತು. ದೇಶಕ್ಕೆಲ್ಲ ಅದು ದೊಡ್ಡ ರಾಜಕೀಯ. ಚಿಕ್ಕಮಗಳೂರಿನ ಮತದಾರರಿಗೆ? ವೋಟು ಹಾಕಿ ಆರು ವಾರ, ತೋಟದಲ್ಲಿ ಅರೇಬಿಕಾ ಹಣ್ಣಿನ ಕೊಯ್ಲು ಇನ್ನೂ ಮುಗಿದಿಲ್ಲ, ಕ್ಷೇತ್ರಕ್ಕೆ ಮತ್ತೆ ಎಂಪಿ ಇಲ್ಲ.

2012ರದ್ದೂ ಸಾವಿನಿಂದ ಬಂದ ಚುನಾವಣೆ ಅಲ್ಲ. ಉಡುಪಿ-ಚಿಕ್ಕಮಗಳೂರಿನ ಸಂಸದರಾಗಿದ್ದ ಡಿ.ವಿ. ಸದಾನಂದ ಗೌಡರು ಮುಖ್ಯಮಂತ್ರಿಯಾದರು, ಲೋಕಸಭೆಯ ಜಾಗ ತೆರವಾಯಿತು. ಮಾರ್ಚ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಜಯಪ್ರಕಾಶ್ ಹೆಗ್ಡೆ ಬಿಜೆಪಿಯ ಸುನಿಲ್ ಕುಮಾರ್ ಅವರನ್ನು ಸೋಲಿಸಿದರು. ಉಪಚುನಾವಣೆಯಲ್ಲಿ ಗೆದ್ದವರಿಗೆ ಸಿಗುವುದು ಉಳಿದ ಅವಧಿ ಮಾತ್ರ. ಎರಡೇ ವರ್ಷಕ್ಕೆ, 2014ರಲ್ಲಿ, ಹೆಗ್ಡೆಯವರು ಶೋಭಾ ಕರಂದ್ಲಾಜೆ ಎದುರು ಸೋತರು.

ಸಾವಿನಿಂದ ಬಂದ ಉಪಚುನಾವಣೆಗೂ ಹಾಸನದ ರಾಜಕೀಯಕ್ಕೂ ಒಂದು ನಂಟಿದೆ. ಅದು ಹಾಸನದ ಹೊರಗೆ ನಡೆದ ಕಥೆ. 1999ರಲ್ಲಿ ಎಚ್.ಡಿ. ದೇವೇಗೌಡರು ಹಾಸನದಲ್ಲೇ ಜಿ. ಪುಟ್ಟಸ್ವಾಮಿ ಗೌಡರ ಎದುರು ಸೋತರು. ಮಾಜಿ ಪ್ರಧಾನಿ ಲೋಕಸಭೆಯಿಂದ ಹೊರಗೆ ಉಳಿದರು. ಅವರಿಗೆ ವಾಪಸು ಬಾಗಿಲು ತೆರೆದದ್ದು ಕನಕಪುರ. ಅಲ್ಲಿನ ಸಂಸದ ಎಂ.ವಿ. ಚಂದ್ರಶೇಖರ ಮೂರ್ತಿ ತೀರಿಕೊಂಡು 2002ರಲ್ಲಿ ಉಪಚುನಾವಣೆ ಬಂತು. ದೇವೇಗೌಡರು ಡಿ.ಕೆ. ಶಿವಕುಮಾರ್ ಅವರನ್ನು ಸೋಲಿಸಿ ಗೆದ್ದರು. ಆ ಚುನಾವಣೆಯನ್ನು ಇವತ್ತಿಗೂ ಗೌಡರು ವರ್ಸಸ್ ಶಿವಕುಮಾರ್ ಅಂತಲೇ ನೆನಪಿಟ್ಟುಕೊಂಡಿದ್ದೇವೆ. ಯಾರ ಸಾವಿನಿಂದ ಜಾಗ ಖಾಲಿಯಾಗಿತ್ತು ಅಂತ ಕೇಳಿದರೆ ತಲೆ ಕೆರೆದುಕೊಳ್ಳುವವರೇ ಜಾಸ್ತಿ. 2004ರಲ್ಲಿ ಗೌಡರು ಹಾಸನ, ಕನಕಪುರ ಎರಡೂ ಕಡೆ ನಿಂತರು. ಹಾಸನದಲ್ಲಿ ಗೆದ್ದು ಕನಕಪುರದಲ್ಲಿ ಸೋತರು.

ಕಾಯ್ದೆ ಏನನ್ನುತ್ತೆ

1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 149ನೇ ಸೆಕ್ಷನ್ ಪ್ರಕಾರ, ಲೋಕಸಭೆಯ ಜಾಗ ನಡುವೆ ತೆರವಾದರೆ ಅದನ್ನು ತುಂಬುವ ಹೊಣೆ ಚುನಾವಣಾ ಆಯೋಗದ್ದು. ಎಷ್ಟು ದಿನದೊಳಗೆ? ಬಹಳ ಕಾಲ ಕಾಯ್ದೆಯಲ್ಲಿ ಅದಕ್ಕೆ ಗಡುವೇ ಇರಲಿಲ್ಲ. 1996ರಲ್ಲಿ ತಿದ್ದುಪಡಿ ತಂದು 151ಎ ಅನ್ನೋ ಸೆಕ್ಷನ್ ಸೇರಿಸಿದರು. ಜಾಗ ತೆರವಾದ ದಿನದಿಂದ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕು.

ಆರು ತಿಂಗಳು ಕಡಿಮೆ ಸಮಯವೇನಲ್ಲ. ಲೆಕ್ಕ ಹಾಕಿ ನೋಡಿ. ಅಧಿಸೂಚನೆ ಬಂದ ಮೇಲೆ ನಾಮಪತ್ರಕ್ಕೆ ಏಳು ದಿನ. ಮಾರನೇ ದಿನ ಪರಿಶೀಲನೆ. ಅಲ್ಲಿಂದ ಎರಡು ದಿನಕ್ಕೆ ವಾಪಸು ತೆಗೆದುಕೊಳ್ಳುವ ಕೊನೇ ದಿನ. ಆಮೇಲೆ ಕನಿಷ್ಠ 14 ದಿನ ಪ್ರಚಾರ. ಮನಸ್ಸು ಮಾಡಿದರೆ ಒಂದು ತಿಂಗಳೊಳಗೆ ಮತದಾನ ಮುಗಿಯುತ್ತದೆ. ಉಳಿದ ಐದು ತಿಂಗಳು ಆಯೋಗ ಸಿದ್ಧವಾಗಲಿ ಅಂತ ಕಾಯ್ದೆ ಕೊಟ್ಟ ಸಮಯ.

ಆದರೆ ಗಡುವಿಗೆ ಎರಡು ಹಿಂಬಾಗಿಲುಗಳಿವೆ.

ಒಂದು, ಆ ಸದಸ್ಯರ ಅವಧಿಯಲ್ಲಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಚುನಾವಣೆ ಬೇಡ. ಇದು ಒಪ್ಪುವ ಮಾತೇ. ಬೆಂಗಳೂರು ದಕ್ಷಿಣದ ಅನಂತಕುಮಾರ್ 2018ರ ನವೆಂಬರ್ 12ರಂದು ತೀರಿಕೊಂಡಾಗ ಲೋಕಸಭೆಯ ಅವಧಿ ಏಳು ತಿಂಗಳೂ ಉಳಿದಿರಲಿಲ್ಲ. ಉಪಚುನಾವಣೆ ನಡೆಯಲಿಲ್ಲ. 2019ರ ಮೇ ತನಕ ಆ ಕ್ಷೇತ್ರಕ್ಕೆ ಎಂಪಿ ಇರಲಿಲ್ಲ.

ಈ ಒಂದು ವರ್ಷದ ಗೆರೆ ಎಷ್ಟು ಸಣ್ಣದು ಅನ್ನೋದಕ್ಕೆ 2018ರಲ್ಲೇ ಇನ್ನೊಂದು ಉದಾಹರಣೆ ಸಿಗುತ್ತದೆ. ಆ ಮೇ ತಿಂಗಳಲ್ಲಿ ಯಡಿಯೂರಪ್ಪ, ಶ್ರೀರಾಮುಲು, ಪುಟ್ಟರಾಜು ಅಸೆಂಬ್ಲಿಗೆ ಗೆದ್ದು ಲೋಕಸಭೆ ಬಿಟ್ಟರು. ಶಿವಮೊಗ್ಗ, ಬಳ್ಳಾರಿ, ಮಂಡ್ಯ ಖಾಲಿಯಾದವು. ಜೂನ್‌ನಲ್ಲಿ ಆಂಧ್ರದ ಐವರು ಸಂಸದರ ರಾಜೀನಾಮೆ ಅಂಗೀಕಾರವಾಯಿತು. ಲೋಕಸಭೆಯ ಅವಧಿ ಇದ್ದದ್ದು 2019ರ ಜೂನ್ 3ರ ತನಕ. ನಮ್ಮ ಮೂರು ಕ್ಷೇತ್ರಗಳು ತೆರವಾದಾಗ ಒಂದು ವರ್ಷದ ಮೇಲೆ ಎರಡು ವಾರ ಬಾಕಿ ಇತ್ತು. ಆಂಧ್ರದವು ತೆರವಾದಾಗ ವರ್ಷಕ್ಕೆ ಎರಡು ವಾರ ಕಡಿಮೆ. ಹಾಗಾಗಿ ನಮ್ಮಲ್ಲಿ ನವೆಂಬರ್ 3ಕ್ಕೆ ಚುನಾವಣೆ ನಡೆಯಿತು, ಅಲ್ಲಿ ನಡೆಯಲಿಲ್ಲ. ಇಲ್ಲಿ ಗೆದ್ದವರಿಗೆ ಸಿಕ್ಕಿದ್ದೂ ಕೆಲವೇ ತಿಂಗಳು. “ಇಷ್ಟಕ್ಕೆ ಇಷ್ಟು ಖರ್ಚಾ?” ಅಂತ ಆಗ ಎಲ್ಲರೂ ಬೈದುಕೊಂಡರು. ಬೈಯಬೇಕಾದದ್ದು ಚುನಾವಣೆಯನ್ನಲ್ಲ. ಮೇ ತಿಂಗಳಲ್ಲಿ ಖಾಲಿಯಾದ ಜಾಗಕ್ಕೆ ನವೆಂಬರ್ ತನಕ ಕಾದದ್ದನ್ನು.

ಎರಡನೇ ಬಾಗಿಲು ಇನ್ನೂ ಅಗಲ. ಆರು ತಿಂಗಳೊಳಗೆ ಚುನಾವಣೆ ನಡೆಸುವುದು ಕಷ್ಟ ಅಂತ ಆಯೋಗ ಕೇಂದ್ರ ಸರ್ಕಾರದ ಜೊತೆ ಸಮಾಲೋಚಿಸಿ ಪ್ರಮಾಣೀಕರಿಸಿದರೆ ಸಾಕು, ಗಡುವು ಅನ್ವಯಿಸುವುದಿಲ್ಲ. ‘ಕಷ್ಟ’ ಅಂದರೆ ಏನು ಅಂತ ಕಾಯ್ದೆ ಹೇಳುವುದಿಲ್ಲ. ಕೋವಿಡ್ ಕಷ್ಟವೇ, ಯಾರೂ ಇಲ್ಲ ಅನ್ನಲ್ಲ. ಆದರೆ ಪುಣೆಯಲ್ಲಿ ಆಗಿದ್ದು ನೋಡಿ.

ಪುಣೆಯ ಸಂಸದ ಗಿರೀಶ್ ಬಾಪಟ್ 2023ರ ಮಾರ್ಚ್ 29ರಂದು ತೀರಿಕೊಂಡರು. ಆ ಲೋಕಸಭೆಯ ಅವಧಿ 2024ರ ಜೂನ್ 16ರ ತನಕ. ಹದಿನಾಲ್ಕು ತಿಂಗಳ ಮೇಲೆ ಬಾಕಿ ಇತ್ತು. ಒಂದು ವರ್ಷದ ಹಿಂಬಾಗಿಲಿಗೆ ದಾರಿಯೇ ಇರಲಿಲ್ಲ. ಹಾಗಿದ್ದೂ ಆಯೋಗ ಚುನಾವಣೆ ಕರೆಯಲಿಲ್ಲ. ಮುಂದಿನ ಸಾರ್ವತ್ರಿಕ ಚುನಾವಣೆಯ ತಯಾರಿಯಲ್ಲಿದ್ದೇವೆ, ಈಗ ಗೆದ್ದವರಿಗೆ ಸಿಗುವ ಸಮಯವೂ ಕಡಿಮೆ ಅನ್ನೋದು ಅದರ ವಾದ. ಮತದಾರರೊಬ್ಬರು ಬಾಂಬೆ ಹೈಕೋರ್ಟಿಗೆ ಹೋದರು. 2023ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಈ ಕಾರಣಗಳನ್ನು ಒಪ್ಪದೆ, ತಕ್ಷಣ ಉಪಚುನಾವಣೆ ನಡೆಸಿ ಅಂತ ಆದೇಶ ಕೊಟ್ಟಿತು. ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಅಷ್ಟರಲ್ಲಿ ಸಾರ್ವತ್ರಿಕ ಚುನಾವಣೆಯೇ ಬಂತು. ಪುಣೆಯಂಥ ನಗರ ಒಂದು ವರ್ಷಕ್ಕೂ ಹೆಚ್ಚು ಕಾಲ ಲೋಕಸಭೆಯಲ್ಲಿ ಯಾರೂ ಇಲ್ಲದೆ ಕಳೆಯಿತು. ಆಯೋಗದ ವಾದದಲ್ಲಿ ಒಂದು ತಮಾಷೆ ಇದೆ, ಅಲ್ವಾ? ತಡ ಮಾಡಿದಷ್ಟೂ ಉಳಿದ ಸಮಯ ಕಡಿಮೆಯಾಗುತ್ತದೆ, ಸಮಯ ಕಡಿಮೆಯಾದಷ್ಟೂ ಚುನಾವಣೆ ಬೇಡ ಅನ್ನಲು ಕಾರಣ ಗಟ್ಟಿಯಾಗುತ್ತದೆ.

ಬಸ್ಸಿಗೆ ಹಾಕಿದ ಪಾರ್ಸಲ್

ಹಾಗಾದರೆ ದಿನಾಂಕ ತೀರ್ಮಾನವಾಗುವುದು ಯಾವ ಆಧಾರದ ಮೇಲೆ? ಇತ್ತೀಚಿನ ಕೆಲವು ಕ್ಷೇತ್ರಗಳ ದಿನ ಎಣಿಸಿ ನೋಡಿದೆ.

ಮೈನ್‌ಪುರಿಯ ಮುಲಾಯಂ ಸಿಂಗ್ ಯಾದವ್ 2022ರ ಅಕ್ಟೋಬರ್ 10ರಂದು ತೀರಿಕೊಂಡರು. ಮತದಾನ ಡಿಸೆಂಬರ್ 5ಕ್ಕೆ, ಅಂದರೆ 56 ದಿನಕ್ಕೆ. ಗುಜರಾತ್ ಅಸೆಂಬ್ಲಿಯ ಎರಡನೇ ಹಂತದ ಮತದಾನವೂ ಅದೇ ದಿನ. ನಾಂದೇಡ್‌ನ ವಸಂತರಾವ್ ಚವಾಣ್ 2024ರ ಆಗಸ್ಟ್ 26ಕ್ಕೆ ತೀರಿಕೊಂಡರು, ಮತದಾನ ನವೆಂಬರ್ 20ಕ್ಕೆ. 86 ದಿನ. ಅವತ್ತೇ ಮಹಾರಾಷ್ಟ್ರ ಅಸೆಂಬ್ಲಿ ಚುನಾವಣೆ. ಜಲಂಧರ್‌ನ ಸಂತೋಖ್ ಸಿಂಗ್ ಚೌಧರಿ 2023ರ ಜನವರಿ 14ರಂದು ತೀರಿಕೊಂಡರು. ಅಲ್ಲಿ ಮತದಾನ ನಡೆದದ್ದು ಮೇ 10ಕ್ಕೆ, 116 ದಿನಕ್ಕೆ. ಆ ತಾರೀಕು ನಮಗೂ ನೆನಪಿರಬೇಕು. ಹಾಸನ, ಚಿಕ್ಕಮಗಳೂರಿನಲ್ಲಿ ನಾವು ಅಸೆಂಬ್ಲಿಗೆ ವೋಟು ಹಾಕಿದ್ದೂ ಅವತ್ತೇ.

ಬೆಳಗಾವಿಯ ಲೆಕ್ಕ 206 ದಿನ. ಆರು ತಿಂಗಳ ಗಡುವು 2021ರ ಮಾರ್ಚ್ 23ಕ್ಕೆ ಮುಗಿದಿತ್ತು. ಮತದಾನ ಏಪ್ರಿಲ್ 17ಕ್ಕೆ. ಅವತ್ತು ಪಶ್ಚಿಮ ಬಂಗಾಳದ ಐದನೇ ಹಂತ. ಹಿಮಾಚಲದ ಮಂಡಿ ಇನ್ನೂ ಹಿಂದೆ ಬಿತ್ತು. ಸಂಸದರು ಮಾರ್ಚ್ 17ಕ್ಕೆ ತೀರಿಕೊಂಡರು, ಮತದಾನ ಅಕ್ಟೋಬರ್ 30ಕ್ಕೆ. 227 ದಿನ.

ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಕಂಡಕ್ಟರ್ ಕೈಗೆ ಪಾರ್ಸಲ್ ಕೊಡುತ್ತೇವಲ್ಲ, ಹಾಗಿದೆ ಈ ಉಪಚುನಾವಣೆ. ಅದಕ್ಕೇ ಅಂತ ಪ್ರತ್ಯೇಕ ಬಸ್ಸು ಬಿಡುವುದಿಲ್ಲ. ಆ ಕಡೆ ಹೋಗುವ ದೊಡ್ಡ ಚುನಾವಣೆಯ ಬಸ್ಸು ಬೇಗ ಬಂದರೆ ಪಾರ್ಸಲ್ ಬೇಗ ಮುಟ್ಟುತ್ತದೆ. ಬರದಿದ್ದರೆ ಕೌಂಟರಿನಲ್ಲೇ ಕೂತಿರುತ್ತದೆ. ಭದ್ರತಾ ಪಡೆ, ವೀಕ್ಷಕರು, ಮತಯಂತ್ರ ಎಲ್ಲವನ್ನೂ ಒಟ್ಟಿಗೆ ಓಡಿಸುವುದು ಸುಲಭ, ಖರ್ಚೂ ಕಡಿಮೆ ಅನ್ನೋದು ನಿಜ. ಮತಗಟ್ಟೆಗೆ ಹೋಗುವ ಮೇಷ್ಟ್ರು, ಗ್ರಾಮ ಲೆಕ್ಕಿಗರನ್ನು ಕೇಳಿದರೆ ಅವರೂ ಎರಡೆರಡು ಸಲ ಬೇಡಪ್ಪಾ ಅನ್ನುತ್ತಾರೆ. ಆದರೂ ಒಬ್ಬರ ಕ್ಷೇತ್ರಕ್ಕೆ 56 ದಿನ, ಇನ್ನೊಬ್ಬರದ್ದಕ್ಕೆ 227, ಮತ್ತೊಬ್ಬರದ್ದಕ್ಕೆ ಇಲ್ಲವೇ ಇಲ್ಲ ಅಂದರೆ ಆರು ತಿಂಗಳು ಅಂತ ಬರೆದದ್ದು ಯಾಕೆ?

2024ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾಗಿ ಜಂಟಿ ಸಮಿತಿಗೆ ಹೋದ ‘ಒಂದು ದೇಶ, ಒಂದು ಚುನಾವಣೆ’ ಮಸೂದೆಯನ್ನೂ ನಾನು ಈ ಕಣ್ಣಿನಿಂದಲೇ ನೋಡುತ್ತೇನೆ. ಎಲ್ಲ ಚುನಾವಣೆ ಐದು ವರ್ಷಕ್ಕೊಮ್ಮೆ ಒಟ್ಟಿಗೆ ನಡೆದರೂ ಜನ ಒಟ್ಟಿಗೆ ಸಾಯುವುದಿಲ್ಲವಲ್ಲ. ಉಪಚುನಾವಣೆ ಇದ್ದೇ ಇರುತ್ತದೆ. ಬಸ್ಸುಗಳು ಮಾತ್ರ ಕಡಿಮೆಯಾಗುತ್ತವೆ. ಆಗ ಪಾರ್ಸಲ್ ಎಷ್ಟು ದಿನ ಕೂರಬೇಕು ಅನ್ನೋ ಪ್ರಶ್ನೆಯನ್ನು ಯಾರೂ ಜೋರಾಗಿ ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಕೋರ್ಟಿನಲ್ಲಿ ಕೇಸಿದ್ದರೆ ಇನ್ನೊಂದು ತೊಡಕು. ಪಶ್ಚಿಮ ಬಂಗಾಳದ ಬಸೀರ್‌ಹಾತ್ ಸಂಸದ ಹಾಜಿ ನುರುಲ್ ಇಸ್ಲಾಂ 2024ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ನವೆಂಬರ್‌ನ ಉಪಚುನಾವಣೆಗಳ ಪಟ್ಟಿಯಲ್ಲಿ ಬಸೀರ್‌ಹಾತ್ ಇರಲಿಲ್ಲ. ಅವರ ಆಯ್ಕೆಯನ್ನು ಪ್ರಶ್ನಿಸಿದ ಚುನಾವಣಾ ತಕರಾರು ಅರ್ಜಿ ಹೈಕೋರ್ಟಿನಲ್ಲಿತ್ತು. ಇದಕ್ಕೆ ತರ್ಕವಿದೆ. ಸೋತವರು “ಅವರ ಗೆಲುವು ರದ್ದು ಮಾಡಿ, ನನ್ನನ್ನೇ ಗೆದ್ದವನೆಂದು ಸಾರಿ” ಅಂತ ಕೇಳಿರುತ್ತಾರೆ. ನಡುವೆ ಉಪಚುನಾವಣೆ ಮುಗಿಸಿ, ಆಮೇಲೆ ಕೋರ್ಟ್ ಹೂಂ ಅಂದರೆ ಒಂದೇ ಕುರ್ಚಿಗೆ ಇಬ್ಬರಾಗುತ್ತಾರೆ.

ಹಾಸನದವರಿಗೆ ಈ ತಕರಾರು ಅರ್ಜಿಯ ವೇಗ ಚೆನ್ನಾಗಿ ಗೊತ್ತು. 2019ರ ಚುನಾವಣೆಯಲ್ಲಿ ಪ್ರಜ್ವಲ್ ರೇವಣ್ಣ ಗೆದ್ದದ್ದನ್ನು ಪ್ರಶ್ನಿಸಿದ ಅರ್ಜಿಗಳ ಮೇಲೆ ಹೈಕೋರ್ಟ್ ತೀರ್ಪು ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ. ಆಯ್ಕೆ ಅಸಿಂಧು ಅಂದಿತು. ಎರಡನೇ ಸ್ಥಾನದಲ್ಲಿದ್ದವರನ್ನು ಗೆದ್ದವರೆಂದು ಸಾರಲು ಒಪ್ಪಲಿಲ್ಲ. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಕೇಸು ಹಾಕಿ ನಾಲ್ಕು ವರ್ಷ, ಮುಂದಿನ ಚುನಾವಣೆಗೆ ಏಳೆಂಟು ತಿಂಗಳು ಬಾಕಿ. ಇಷ್ಟು ನಿಧಾನದ ಕೆಲಸಕ್ಕೆ ಖಾಲಿ ಕುರ್ಚಿಯನ್ನು ಕಟ್ಟಿಹಾಕಿದರೆ ಕಾಯುವವರ ಗತಿ ಏನು?

ಅನುಕಂಪದ ತೂಕ

“ಹೆಂಡ್ತಿಗೆ ಟಿಕೆಟ್ ಕೊಟ್ರೆ ಮುಗೀತು ಬಿಡಿ, ಗೆದ್ದಂಗೆ.” ಇದು ನಮ್ಮ ಕಟ್ಟೆಯ ಖಾಯಂ ತೀರ್ಪು. ಬೆಳಗಾವಿಯ ಅಂಕಿ ನೋಡಿದರೆ ಹಾಗನ್ನಿಸುವುದಿಲ್ಲ. 2019ರಲ್ಲಿ ಸುರೇಶ್ ಅಂಗಡಿ ಗೆದ್ದದ್ದು 3.9 ಲಕ್ಷ ಮತಗಳ ಅಂತರದಲ್ಲಿ. ಎರಡು ವರ್ಷ ಕಳೆದು ಅವರ ಪತ್ನಿ ಮಂಗಲಾ ಅಂಗಡಿ ಸತೀಶ್ ಜಾರಕಿಹೊಳಿ ಎದುರು ಗೆದ್ದದ್ದು 5,240 ಮತಗಳಿಂದ. ಎದುರಾಳಿ ಬಲವಾಗಿದ್ದರು, ಮರಾಠಿ ಮತ ಮೂರನೇ ಅಭ್ಯರ್ಥಿಗೆ ಹೋಯಿತು, ಕೋವಿಡ್ ಎರಡನೇ ಅಲೆ ಎದ್ದಿತ್ತು. ಎಲ್ಲ ಕಾರಣವೂ ಸರಿಯೇ. ಅನುಕಂಪ ಇವನ್ನೆಲ್ಲ ಮೀರಿಸಲಿಲ್ಲ ಅನ್ನೋದೂ ಸರಿ. ನಾಂದೇಡ್‌ನಲ್ಲೂ ಇದೇ ಕಥೆ. ತಂದೆ 59 ಸಾವಿರ ಮತಗಳಿಂದ ಗೆದ್ದಿದ್ದರು, ಐದೇ ತಿಂಗಳಲ್ಲಿ ಮಗ ಗೆದ್ದದ್ದು 1,457ರಿಂದ. ಜಲಂಧರ್‌ನಲ್ಲಿ ಪತ್ನಿ ಸೋತರು.

ನಮ್ಮ ಅಸೆಂಬ್ಲಿ ಉಪಚುನಾವಣೆಗಳನ್ನು ಪಕ್ಕಕ್ಕಿಟ್ಟು ನೋಡಿದರೆ ಇನ್ನೊಂದು ಸುಳಿವು ಸಿಗುತ್ತದೆ. ಗುಂಡ್ಲುಪೇಟೆಯಲ್ಲಿ 2017ರಲ್ಲಿ ಮಹದೇವಪ್ರಸಾದ್ ಅವರ ಪತ್ನಿ ಗೆದ್ದರು. ಆಗ ಕಾಂಗ್ರೆಸ್ ಸರ್ಕಾರ, ಅವರೂ ಕಾಂಗ್ರೆಸ್. ಜಮಖಂಡಿಯಲ್ಲಿ ಸಿದ್ದು ನ್ಯಾಮಗೌಡ ಗೆದ್ದದ್ದು 2,795 ಮತಗಳಿಂದ. ಅವರ ಮಗ 2018ರ ನವೆಂಬರ್‌ನಲ್ಲಿ ಸುಮಾರು 39 ಸಾವಿರದಿಂದ ಗೆದ್ದರು. ಕುಂದಗೋಳದಲ್ಲಿ 2019ರಲ್ಲಿ ಶಿವಳ್ಳಿಯವರ ಪತ್ನಿ 1,601 ಮತಗಳಿಂದ ದಡ ಸೇರಿದರು. ಈ ಎರಡೂ ಸಲ ಕಾಂಗ್ರೆಸ್-ಜೆಡಿಎಸ್ ಸಮ್ಮಿಶ್ರ ಸರ್ಕಾರವಿತ್ತು. ಇನ್ನು ಶಿರಾದಲ್ಲಿ 2020ರಲ್ಲಿ ಸತ್ಯನಾರಾಯಣ ಅವರ ಪತ್ನಿ ಜೆಡಿಎಸ್‌ನಿಂದ ನಿಂತು ಮೂರನೇ ಸ್ಥಾನಕ್ಕೆ ಹೋದರು. ಬಸವಕಲ್ಯಾಣದಲ್ಲಿ ನಾರಾಯಣರಾವ್ ಅವರ ಪತ್ನಿ ಕಾಂಗ್ರೆಸ್‌ನಿಂದ ಸೋತರು. ಸಿಂದಗಿಯಲ್ಲಿ ಮನಗೂಳಿಯವರ ಮಗ ತಂದೆಯ ಪಕ್ಷ ಬಿಟ್ಟು ಕಾಂಗ್ರೆಸ್‌ನಿಂದ ನಿಂತು ಸೋತರು. ಈ ಮೂರೂ ಸಲ ಅಧಿಕಾರದಲ್ಲಿದ್ದದ್ದು ಬಿಜೆಪಿ, ಗೆದ್ದದ್ದೂ ಬಿಜೆಪಿ.

ಆರು ಚುನಾವಣೆಯಿಂದ ಸಿದ್ಧಾಂತ ಕಟ್ಟಲು ನಾನು ಹೊರಟಿಲ್ಲ. ಆದರೆ ವಿಧಾನಸೌಧದಲ್ಲಿ ಕೂತವರು ಯಾರು ಅನ್ನೋದು ಮಾಲೆ ಹಾಕಿದ ಫೋಟೋಗಿಂತ ಜಾಸ್ತಿ ತೂಗುತ್ತದೆ ಅಂತ ಕಾಣುತ್ತದೆ. ಮತದಾರ ಕಣ್ಣೊರೆಸಿಕೊಂಡು ಲೆಕ್ಕ ಹಾಕುತ್ತಾನೆ. ಉಳಿದಿರುವುದು ಎರಡೋ ಮೂರೋ ವರ್ಷ, ಆ ಅವಧಿಯಲ್ಲಿ ರಸ್ತೆ ಮಾಡಿಸುವವರು ಯಾರು? ಇದರಲ್ಲಿ ತಪ್ಪೇನೂ ಇಲ್ಲ. ಹೊಸಬರಿಗೆ ಇದೇ ಲೆಕ್ಕ ಅಡ್ಡ ಬರುತ್ತದೆ, ಅದೊಂದು ಬೇಜಾರು.

ಕುರ್ಚಿ ಖಾಲಿಯಾದರೆ ನಿಲ್ಲುವುದೇನು

ನಮ್ಮ ಎರಡು ಜಿಲ್ಲೆಗಳಿಗೆ ಇದನ್ನು ಅನ್ವಯಿಸಿ ನೋಡೋಣ. ಬಿಡ್ತು ಅನ್ನಿ, ಹಾಲಿ ಸಂಸದರಿಬ್ಬರೂ ನೂರು ಕಾಲ ಬಾಳಲಿ. ಸುಮ್ನೆ ಲೆಕ್ಕಕ್ಕೆ.

ಕಡೂರಿನಿಂದ ಶುರು ಮಾಡಬೇಕು. ಕಡೂರು ತಾಲ್ಲೂಕು ಇರುವುದು ಚಿಕ್ಕಮಗಳೂರು ಜಿಲ್ಲೆಯಲ್ಲಿ, ವೋಟು ಹಾಕುವುದು ಹಾಸನ ಲೋಕಸಭೆಗೆ. ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ ಘಟ್ಟದ ಕೆಳಗಿನ ಉಡುಪಿ, ಕಾಪು, ಕಾರ್ಕಳ, ಕುಂದಾಪುರದ ಜೊತೆ. ಹಾಗಾಗಿ ಹಾಸನದ ಕುರ್ಚಿ ಖಾಲಿಯಾದರೆ ಎರಡು ಜಿಲ್ಲೆಗೆ ತಟ್ಟುತ್ತದೆ. ಉಪಚುನಾವಣೆ ಘೋಷಣೆಯಾದರೆ ನೀತಿಸಂಹಿತೆಯೂ ಸಾಮಾನ್ಯವಾಗಿ ಕ್ಷೇತ್ರಕ್ಕಷ್ಟೇ ಅಲ್ಲ, ಜಿಲ್ಲೆಗೇ ಬರುತ್ತದೆ. ಕಡೂರಿನ ಒಂದು ಚುನಾವಣೆಗೆ ಶೃಂಗೇರಿಯ ಹೊಸ ಕಾಮಗಾರಿಯೂ ನಿಲ್ಲಬೇಕಾಗಬಹುದು.

ಸಂಸದರ ನಿಧಿ ವರ್ಷಕ್ಕೆ 5 ಕೋಟಿ. ಮಂಜೂರಾದ ಕೆಲಸ ನಡೆಯುತ್ತದೆ, ಹೊಸದಕ್ಕೆ ಶಿಫಾರಸು ಮಾಡಲು ಜನ ಇರುವುದಿಲ್ಲ. ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ ‘ದಿಶಾ’ ಸಮಿತಿಗೆ ಅಧ್ಯಕ್ಷರು ಸಂಸದರೇ. ನರೇಗಾ ಕೂಲಿ ಯಾಕೆ ಬಂದಿಲ್ಲ, ಕುಡಿಯುವ ನೀರಿನ ಪೈಪು ಯಾಕೆ ಅರ್ಧಕ್ಕೆ ನಿಂತಿದೆ ಅಂತ ಅಧಿಕಾರಿಗಳನ್ನು ಎದುರು ಕೂರಿಸಿ ಕೇಳುವ ಜಾಗ ಅದು. ಸಭೆ ನಡೆದಾಗಲೂ ಎಷ್ಟೋ ಸಲ ಕಾಟಾಚಾರವೇ, ಒಪ್ಪಿದೆ.

ನಮಗೆ ಜಾಸ್ತಿ ನಷ್ಟವಾಗುವುದು ದೆಹಲಿಯಲ್ಲಿ. ಕಾಫಿ ಕೇಂದ್ರ ವಾಣಿಜ್ಯ ಇಲಾಖೆಯ ಕೆಳಗೆ ಬರುತ್ತದೆ. ಕಾಫಿ ಮಂಡಳಿ ಹುಟ್ಟಿದ್ದೇ 1942ರ ಕೇಂದ್ರ ಕಾಯ್ದೆಯಿಂದ. ಮೂಡಿಗೆರೆ, ಸಕಲೇಶಪುರದ ಬೆಳೆಗಾರನ ಸಬ್ಸಿಡಿ, ಸಾಲ, ಯುರೋಪಿನ ಕಾಡುನಾಶ ವಿರೋಧಿ ನಿಯಮದ ತಲೆನೋವು, ಇವನ್ನೆಲ್ಲ ಶಾಸಕರು ಬೆಂಗಳೂರಿನಲ್ಲಿ ಎಷ್ಟು ಕೂಗಿದರೂ ಅದು ಬೇರೆ ಮನೆಯ ಬಾಗಿಲು. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆಯ ಆನೆ ಹಾವಳಿಯೂ ಹಾಗೇ. ಪರಿಹಾರ ರಾಜ್ಯದ್ದು, ವನ್ಯಜೀವಿ ಕಾಯ್ದೆ ಕೇಂದ್ರದ್ದು. ಚಿಕ್ಕಮಗಳೂರಿನಿಂದ ಬೇಲೂರು ಮೇಲೆ ಹಾಸನಕ್ಕೆ ಬರಬೇಕಾದ ರೈಲು ಮಾರ್ಗ, ಶಿರಾಡಿ ಘಾಟಿಯ ಹೆದ್ದಾರಿ, ಎಲ್ಲ ಅಲ್ಲೇ. ಒಂದು ಬಜೆಟ್ ಅಧಿವೇಶನ ತಪ್ಪಿತು ಅಂದರೆ ಒಂದು ವರ್ಷ ಹೋದ ಹಾಗೆ. ಬೆಳಗಾವಿಯ 206 ದಿನದಲ್ಲಿ ಒಂದು ಬಜೆಟ್ ಬಂದು ಹೋಗಿತ್ತು.

ನನಗೆ ಅನ್ನಿಸುವುದು ಇಷ್ಟು. ಗಡುವು ಮೀರಿಸುವ ಎರಡನೇ ಹಿಂಬಾಗಿಲಿಗೆ ಒಂದು ಚಿಲಕ ಬೇಕು. ಚುನಾವಣೆ ಕಷ್ಟ ಅನ್ನೋದಾದರೆ ಯಾಕೆ ಕಷ್ಟ, ಎಲ್ಲಿಯ ತನಕ ಕಷ್ಟ ಅಂತ ಬರೆದು, ಕನ್ನಡದಲ್ಲೇ, ಕ್ಷೇತ್ರದ ಪ್ರತಿ ತಾಲ್ಲೂಕು ಕಚೇರಿಯ ನೋಟಿಸ್ ಬೋರ್ಡಿಗೆ ಅಂಟಿಸಲಿ. ಪಹಣಿಗೆ ಕ್ಯೂ ನಿಂತವರು ಓದಿಕೊಳ್ಳುತ್ತಾರೆ. ಮುಂದಿನ ಚುನಾವಣೆಯ ತಯಾರಿ ನಡೆದಿದೆ ಅನ್ನೋದು ಕಾರಣಗಳ ಪಟ್ಟಿಯಲ್ಲಿ ಇರಲೇಬಾರದು. ಆಯೋಗ ಇರುವುದೇ ಆ ಕೆಲಸಕ್ಕೆ. ತಕರಾರು ಅರ್ಜಿ ಇರುವ ಕ್ಷೇತ್ರದಲ್ಲಿ ಸದಸ್ಯರು ತೀರಿಕೊಂಡರೆ ಆ ಕೇಸನ್ನು ಹೈಕೋರ್ಟ್ ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಳ್ಳಲಿ. ಹೊಸ ಸದಸ್ಯರು ಬರುವ ತನಕ ಎಂಪಿ ಲೆಟರಿಗೆ ಯಾರ ಹತ್ತಿರ ಹೋಗಬೇಕು ಅಂತ ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಂದು ಸಾಲಿನ ಬೋರ್ಡ್ ಹಾಕಲು ಯಾವ ತಿದ್ದುಪಡಿಯೂ ಬೇಕಿಲ್ಲ.

ಗೆಳೆಯನಿಗೆ ರಾಜ್ಯಸಭಾ ಸದಸ್ಯರ ಮನೆಯಲ್ಲಿ ಮೂರನೇ ಸಲಕ್ಕೆ ಲೆಟರ್ ಸಿಕ್ಕಿತು. ಆಪರೇಷನ್ ಮಾರ್ಚ್‌ನಲ್ಲಿ ಆಯಿತು, ಸಾಲ ಮಾಡಿ. ಏಪ್ರಿಲ್ 17ಕ್ಕೆ ಮಾವ ಮಾಸ್ಕ್ ಹಾಕಿಕೊಂಡು, ಮಗಳ ಕೈ ಹಿಡಿದು ಮತಗಟ್ಟೆಗೆ ನಡೆದು ಹೋಗಿ ವೋಟು ಹಾಕಿ ಬಂದರಂತೆ. ಗೆಳೆಯ ಫೋಟೋ ಕಳಿಸಿದ್ದ. ಎಡಗೈ ತೋರುಬೆರಳಿನಲ್ಲಿ ಶಾಯಿ, ಮಣಿಕಟ್ಟಿನಲ್ಲಿ ಡ್ರಿಪ್ ಹಾಕಿದ ಕಲೆ ಇನ್ನೂ ನೀಲಿಯಾಗಿತ್ತು.